ನಮ್ಮವ್ವನ ಜೋಳ ಮತ್ತು ಸರ್ಕಾರದ ತುಟ್ಟಿ ಭತ್ಯೆ

ಬಾಯಿಬಿಟ್ಟು ಕೇಳುವುದು ನನ್ನಿಂದ ಆಗದ ಕೆಲಸ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಹೇಳಲು ಸುಲಭವಾಗುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವನು ಹೋಳಿಗೆಯ ಬುಟ್ಟಿ ಹಿಡಿದು ನನ್ನ ಮುಂದೆ ನಿಂತರೆ, ಇನ್ನೊಂದು ಬೇಕೆಂದು ಹೊಟ್ಟೆ ಕೂಗುತ್ತಿದ್ದರೂ ಕೈ ತಾನಾಗಿ ಎಲೆಗೆ ಅಡ್ಡ ಹೋಗುತ್ತದೆ, ಬಾಯಿ ‘ಸಾಕು, ಸಾಕು’ ಅನ್ನುತ್ತದೆ. ಅವನು ನನ್ನ ಮಾತನ್ನು ನಂಬಿ ಮುಂದಿನ ಎಲೆಗೆ ಹೋಗಿಬಿಡುತ್ತಾನೆ. ನಮ್ಮ ದರ್ಜಿ ನನ್ನ ಶೇರ್ವಾನಿಯನ್ನು ನನಗಿಂತ ಸಣ್ಣವನೊಬ್ಬನ ಅಳತೆಗೆ ಹೊಲಿದು, ಹೇಗಿದೆ ಎಂದು ಕೇಳಿದಾಗ ಉಸಿರು ಬಿಗಿಹಿಡಿದುಕೊಂಡೇ ಬಹಳ ಚೆನ್ನಾಗಿದೆ ಎಂದು ಹೇಳಿ ಬಂದಿದ್ದೇನೆ. ಆ ಶೇರ್ವಾನಿಯಲ್ಲೇ ಎಷ್ಟೋ ವರ್ಷ ನಿಜಾಮ ಸರ್ಕಾರದ ನೌಕರಿ ಮಾಡಿದೆ. ಸಂಜೆ ಮನೆಗೆ ಬಂದು ಗುಂಡಿ ಬಿಚ್ಚಿದ ಮೇಲೆಯೇ ಸರಿಯಾಗಿ ಉಸಿರಾಡುತ್ತಿದ್ದೆ.

ನಮ್ಮ ಕಡೆಯ ರೀತಿಯೂ ಇದಕ್ಕೆ ಸ್ವಲ್ಪ ಕಾರಣ ಎನ್ನಬೇಕು. ‘ಆರಾಮ ಇದ್ದೀರಿ?’ ಎಂದು ದೊಡ್ಡವರು ಯಾರಾದರೂ ಕೇಳಿದರೆ, ಮೈ ಜ್ವರದಿಂದ ಸುಡುತ್ತಿದ್ದರೂ ‘ತಮ್ಮ ದಯಾದಿಂದ ಎಲ್ಲಾ ಆರಾಮ ಅದರಿ’ ಎನ್ನಬೇಕು. ಜ್ವರದ ಮಾತೇನಿದ್ದರೂ ಆಮೇಲೆ. ಅಷ್ಟರಲ್ಲಿ ಕೇಳಿದವರು ಸಂತೋಷಪಟ್ಟು ಹೊರಟುಹೋಗಿರುತ್ತಾರೆ. ಇಂಥ ಊರಿನಲ್ಲಿ, ಇಂಥ ನನ್ನನ್ನು, ಇಡೀ ಕಚೇರಿಯ ಪಗಾರ ಹೆಚ್ಚಿಸಿಕೊಂಡು ಬಾ ಎಂದು ಒಂದು ಸಲ ಮುಂದೆ ತಳ್ಳಿದರು.

ದೂರದ ವಿಲಾಯತಿಯ ಕಡೆ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ ಅದು. ಅಲ್ಲಿ ಯಾರು ಯಾರ ಮೇಲೆ ಯಾತಕ್ಕಾಗಿ ಗುಂಡು ಹಾರಿಸುತ್ತಿದ್ದಾರೆಂಬುದು ಕಲಬುರ್ಗಿಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಆದರೆ ಅಲ್ಲಿ ಗುಂಡು ಹಾರಿದಾಗಲೆಲ್ಲ ಇಲ್ಲಿ ಜೋಳದ ಧಾರಣೆ ಏರುತ್ತಿತ್ತು. ಜೋಳದ ಹಿಂದೆ ತೊಗರಿ ಏರಿತು, ಚಿಮಣಿ ಎಣ್ಣೆ ಸಿಗುವುದೇ ದುಸ್ತರವಾಯಿತು. ಬಟ್ಟೆಯ ಧಾರಣೆ ಕೇಳಿ ಗಾಬರಿಯಾದ ನಮ್ಮ ಕಚೇರಿಯ ವೆಂಕಟರಾಯರು ಹಳೆಯ ಧೋತರಕ್ಕೆ ತೇಪೆ ಹಾಕಿಸಿ, ಆ ತೇಪೆ ಒಳಗೆ ಮಡಚಿಹೋಗುವಂತೆ ಉಡುವ ಹೊಸ ಪದ್ಧತಿಯೊಂದನ್ನು ಕಂಡುಹಿಡಿದರು. ಕೂತಾಗ ಎಲ್ಲ ಸರಿಯಾಗಿರುತ್ತಿತ್ತು. ಸಾಹೇಬರು ಬಂದರೆಂದು ಥಟ್ಟನೆ ಎದ್ದು ನಿಂತಾಗ ಮಾತ್ರ ಫಜೀತಿಯಾಗುತ್ತಿತ್ತು. ಎಲ್ಲ ಏರಿದರೂ ನಮ್ಮ ಪಗಾರ ಇದ್ದಲ್ಲೇ ಇತ್ತು.

ನಮ್ಮ ಕಚೇರಿಯ ಗುಮಾಸ್ತರಿಗೆಲ್ಲ ಹಿರಿಯರೆಂದರೆ ಸರಿಸ್ತೇದಾರ ಖಾದರ ಸಾಹೇಬರು. ಬಿಳಿ ಗಡ್ಡ, ಬಾಯಿತುಂಬ ವೀಳ್ಯ, ಮೃದುವಾದ ಮಾತು. ಧಾರಣೆ ಇಳಿಯುವ ತನಕ ಪಗಾರದ ಮೇಲೆ ಒಂದಿಷ್ಟು ತುಟ್ಟಿ ಭತ್ಯೆ ಕೊಡಬೇಕೆಂದು ಸರ್ಕಾರಕ್ಕೆ ಅರ್ಜಿ ಹಾಕೋಣ ಎಂದವರು ಅವರೇ. ನನ್ನ ಉರ್ದೂ ಅಕ್ಷರ ದುಂಡಗಿತ್ತೆಂದು ಬರೆಯುವ ಕೆಲಸ ನನಗೆ ಬಂತು. ನಾನು ಹುಜೂರರ ಔದಾರ್ಯವನ್ನೂ, ಅವರ ನೆರಳಿನಲ್ಲಿ ನಾವು ಪಡುತ್ತಿರುವ ಸುಖವನ್ನೂ ಎಷ್ಟು ಚೆನ್ನಾಗಿ ವರ್ಣಿಸಿದೆನೆಂದರೆ, ಕಷ್ಟ ಹೇಳಿಕೊಳ್ಳಲು ಕಾಗದದ ತುದಿಯಲ್ಲಿ ಒಂದೇ ಸಾಲು ಉಳಿಯಿತು. ಖಾದರ ಸಾಹೇಬರು ಓದಿ, ಇದನ್ನು ನೋಡಿದರೆ ಸರ್ಕಾರವೇ ನಮ್ಮಿಂದ ಸಾಲ ಕೇಳುತ್ತದೆ ಎಂದರು. ಆದರೂ ಕಳಿಸಿದೆವು. ತಿಂಗಳುಗಟ್ಟಲೆ ಕಾದ ಮೇಲೆ ಉತ್ತರ ಬಂತು. ನೌಕರರ ಸ್ಥಿತಿಗತಿಯನ್ನು ಕಣ್ಣಾರೆ ನೋಡಲು ಹೈದರಾಬಾದಿನಿಂದ ಒಬ್ಬ ಸಾಹೇಬರು ಬರುತ್ತಾರೆ, ಭತ್ಯೆ ಕೊಡುವುದೂ ಬಿಡುವುದೂ ಅವರ ವರದಿಯ ಮೇಲೆ ಎಂದಿತ್ತು.

ಬರುವ ಸಾಹೇಬರು ಹಿಂದೂಗಳು, ತರಕಾರಿ ಊಟದವರು ಎಂದು ತಿಳಿದದ್ದೇ ತಡ, ಖಾದರ ಸಾಹೇಬರ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಯಾರಾದರೂ ಒಬ್ಬ ಗುಮಾಸ್ತನ ಮನೆಗೆ ಅವರನ್ನು ಊಟಕ್ಕೆ ಕರೆಯಬೇಕು, ನಾವು ದಿನಾ ಉಣ್ಣುವ ಬಡ ಊಟವನ್ನೇ ಬಡಿಸಬೇಕು. ಆಮೇಲೆ ಬಾಯಿಬಿಟ್ಟು ಕೇಳುವ ಪ್ರಸಂಗವೇ ಬರುವುದಿಲ್ಲ. ನನಗಂತೂ ಈ ಉಪಾಯ ಬಹಳ ಹಿಡಿಸಿತು. ಆದರೆ ಯಾರ ಮನೆಗೆ ಕರೆಯುವುದು ಎಂಬಲ್ಲಿ ತೊಡಕಾಯಿತು. ಅರ್ಜಿಗೆ ಸಹಿ ಹಾಕುವಾಗ ನಾನು ಬಡವ, ತಾನು ಬಡವ ಎಂದು ಮುಂದೆ ಬಂದವರೆಲ್ಲ ಈಗ ಹಿಂದೆ ಸರಿದರು. ವೆಂಕಟರಾಯರಿಗೆ ಮದುವೆಗೆ ಬಂದ ಮಗಳಿದ್ದಳು. ಅವರ ಮನೆಯನ್ನು ಬಡವರ ಮನೆಯೆಂದು ಸರ್ಕಾರವೇ ಬರೆದುಕೊಂಡರೆ ವರನ ಕಡೆಯವರು ಏನಂದಾರು? ಇನ್ನೊಬ್ಬರು ಮನೆಗೆ ಸುಣ್ಣ ಹೊಡೆಸಿ ಇನ್ನೂ ತಿಂಗಳಾಗಿಲ್ಲ ಎಂದರು. ಕೊನೆಗೆ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಖಾದರ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು ಬಹಳ ಪ್ರೀತಿಯಿಂದ ಹೇಳಿದರು: “ಶಿವರಾಯಪ್ಪ, ಈ ಕೆಲಸಕ್ಕ ನಿಮ್ಮ ಮನಿ ಬಿಲ್ಕುಲ್ ಮುನಾಸಿಬ್ ಅದ. ಹೊರಗ ನಿಂತು ನೋಡಿದ್ರ ಸಾಕು, ಎಂಥವ್ರಿಗೂ ಕರುಣಾ ಬರ್ತದ.”

ಬ್ರಹ್ಮಪುರದ ಓಣಿಯಲ್ಲಿ ನನ್ನದು ಬಾಡಿಗೆಯ ಮನೆ. ಬಾಗಿಲು ಸ್ವಲ್ಪ ವಾಲಿತ್ತು ನಿಜ, ಗೋಡೆಯ ಮಣ್ಣು ಅಲ್ಲಲ್ಲಿ ಉದುರಿತ್ತು, ಅದೂ ನಿಜ. ಆದರೆ ಅಷ್ಟು ದಿನ ಅದು ನನಗೆ ಕರುಣೆ ಹುಟ್ಟಿಸುವ ಮನೆಯಾಗಿ ಕಂಡಿರಲಿಲ್ಲ. ಕೆಟ್ಟನಿಸಿತು. ಬೇಡ ಎಂದು ಹೇಳಬೇಕೆಂದು ಬಾಯಿ ತೆರೆದೆ. ‘ತಮ್ಮ ದಯಾ’ ಎಂದು ಹೇಳಿ ಮುಚ್ಚಿದೆ.

ಕಚೇರಿಯಲ್ಲಿ ಒಪ್ಪಿಕೊಂಡದ್ದು ಸುಲಭ. ಮನೆಯಲ್ಲಿ ಶರಣಮ್ಮನನ್ನು ಒಪ್ಪಿಸಬೇಕಿತ್ತಲ್ಲ, ಅಲ್ಲಿ ನಿಜವಾದ ಮಾತುಕತೆ ನಡೆಯಿತು. ಹೈದರಾಬಾದಿನ ಸಾಹೇಬರು ಊಟಕ್ಕೆ ಬರುತ್ತಾರೆಂದು ಕೇಳಿ ನನ್ನ ಹೆಂಡತಿ ಖುಷಿಯಿಂದ ಕಡಲೆಬೇಳೆ ಎಲ್ಲಿ ಸಿಗುತ್ತದೆಂದು ಯೋಚಿಸತೊಡಗಿದಳು. ಹೋಳಿಗೆ ಬೇಡ, ಬೇಳೆ ಬೇಡ, ಆದಷ್ಟು ನೀರು ಸಾರು ಮಾಡು, ನಮ್ಮೆಲ್ಲರ ಭತ್ಯೆ ಇದರ ಮೇಲಿದೆ ಎಂದಾಗ ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಮನಿಗಿ ಬಂದ ಮಂದಿಗಿ ನೀರ ಸಾರ ಹಾಕಿದ್ರ ನಾಳಿ ನಾ ಬಾವಿಗಿ ನೀರಿಗಿ ಹೆಂಗ ಹೋಗ್ಲಿರಿ? ನಿಮ್ಮ ಸಾಹೇಬ ಉಂಡು ಹೈದರಾಬಾದಿಗಿ ಹೋಗ್ತಾನ. ಈ ಓಣ್ಯಾಗ ಇರಾಕಿ ನಾನು.” ನಾನು ಅರ್ಜಿಯ ಮಾತು ಹೇಳಿದೆ, ಮಕ್ಕಳ ಅಂಗಿಯ ಮಾತು ಹೇಳಿದೆ, ಮುಂದೆ ಬರಲಿರುವ ಚಳಿಯ ಮಾತೂ ಹೇಳಿದೆ. ಅವಳು ಹೋಳಿಗೆಯಿಂದ ಸಜ್ಜಕಕ್ಕೆ ಇಳಿದಳು, ಸಜ್ಜಕದಿಂದ ಬೇಳೆಯ ಪಲ್ಯಕ್ಕೆ ಬಂದಳು. ಎರಡು ದಿನ ಹೀಗೆ ಚೌಕಾಸಿಯಾದ ಮೇಲೆ ದಿನನಿತ್ಯದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ ಎಂದು ತೀರ್ಮಾನವಾಯಿತು. ರೊಟ್ಟಿಯ ಮೇಲೆ ಒಂದು ಮುದ್ದೆ ಬೆಣ್ಣೆಯನ್ನು ಮಾತ್ರ ಅವಳು ಏನು ಮಾಡಿದರೂ ಬಿಟ್ಟುಕೊಡಲಿಲ್ಲ.

ಸಾಹೇಬರು ಬಂದರು. ಸ್ಥೂಲಕಾಯ, ಚಿನ್ನದ ಕಟ್ಟಿನ ಕನ್ನಡಕ, ಮಾತು ಕಡಿಮೆ, ಅದೂ ಉರ್ದೂವಿನಲ್ಲಿ. ವಾಲಿದ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದು, ಉದುರಿದ ಗೋಡೆಯನ್ನು ಕನ್ನಡಕದೊಳಗಿಂದ ನೋಡಿದಾಗ ನನಗೆ ಅರ್ಧ ಭತ್ಯೆ ಕೈಗೆ ಬಂದಷ್ಟು ಸಂತೋಷವಾಯಿತು. ಶರಣಮ್ಮ ಮಾತಿಗೆ ತಪ್ಪಲಿಲ್ಲ. ತಾಟಿನಲ್ಲಿ ರೊಟ್ಟಿ, ಪಲ್ಯ, ಹಿಂಡಿ, ಬೆಣ್ಣೆ ಇಷ್ಟೇ ಬಂತು. ಆದರೆ ನಾನು ನಮ್ಮ ಓಣಿಯನ್ನು ಮರೆತಿದ್ದೆ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಾದರೂ ಪರವೂರಿನ ಮಂದಿ ಊಟಕ್ಕೆ ಕೂತರೆ, ಅಕ್ಕಪಕ್ಕದ ಮನೆಗಳಿಂದ ಒಂದೊಂದು ಬಟ್ಟಲು ಬರಲೇಬೇಕು. ಯಾರೂ ಹೇಳಿಕಳಿಸುವುದಿಲ್ಲ, ತಾನಾಗಿ ಬರುತ್ತದೆ. ಹಿತ್ತಲ ಬಾಗಿಲು ಕಿರ್ರೆಂದಿತು, ಎಣ್ಣೆಗಾಯಿ ಬಂತು. ಮತ್ತೆ ಕಿರ್ರೆಂದಿತು, ಶ್ಯಾವಿಗೆ ಪಾಯಸ ಬಂತು. ಆಮೇಲೆ ಹಪ್ಪಳ, ಮಾದಲಿ, ಒಂದು ಗಿಂಡಿ ತುಂಬ ತುಪ್ಪ. ಅದೇ ಓಣಿಯವರಾದ ಖಾದರ ಸಾಹೇಬರ ಮನೆಯಿಂದ ಒಂದು ಬುಟ್ಟಿ ಸೀತಾಫಲ. ಕೊನೆಗೆ, ಈ ಭತ್ಯೆಗಾಗಿ ಎಲ್ಲರಿಗಿಂತ ಹೆಚ್ಚು ಹಂಬಲಿಸುತ್ತಿದ್ದ ವೆಂಕಟರಾಯರ ಮನೆಯಿಂದ ಎರಡು ಹೋಳಿಗೆ. ಅವರ ಹೆಂಡತಿ ಒಳಗೆ ಪಿಸುಗುಟ್ಟುತ್ತಿದ್ದದ್ದು ನನಗೂ ಕೇಳಿಸಿತು. ಉಳಿದವರು ಯಾರೂ ತರದಿದ್ದರೆ ಸಾಕು, ತಮ್ಮ ಮನೆಯದೊಂದೇ ಬಟ್ಟಲು ಹೆಚ್ಚಾದರೆ ಸಾಹೇಬರಿಗೆ ತಿಳಿಯುವುದಿಲ್ಲ ಎಂದು ಆಕೆ ಹೇಳುತ್ತಿದ್ದರು. ಹಾಗೆ ಯೋಚಿಸಿಯೇ ಓಣಿಯ ಹೆಂಗಸರೆಲ್ಲ ಒಂದೊಂದು ಬಟ್ಟಲು ತಂದಿದ್ದರು.

ಸಾಹೇಬರು ಎಲ್ಲವನ್ನೂ ಉಂಡರು. ಹೋಳಿಗೆಗಿಂತ ಹೆಚ್ಚು ರೊಟ್ಟಿಯನ್ನೇ ಇಷ್ಟಪಟ್ಟರು. ಇಷ್ಟು ಬೆಳ್ಳಗಿನ, ಇಷ್ಟು ಸಿಹಿಯಾದ ಜೋಳ ಬಜಾರದಲ್ಲಿ ತಾವು ನೋಡಿಲ್ಲ, ಯಾವ ಅಂಗಡಿಯದು ಎಂದು ಕೇಳಿದರು. ನಾನು ಯಾವುದಾದರೊಂದು ಅಂಗಡಿಯ ಹೆಸರು ಹುಡುಕುವುದರೊಳಗೆ ಬಾಗಿಲ ಮರೆಯಿಂದ ಶರಣಮ್ಮನ ದನಿ ಬಂತು. ಉರ್ದೂ ಮಾತಾಡಲು ಬಾರದಿದ್ದರೂ ಅವಳಿಗೆ ಹೊಗಳಿಕೆ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತಿತ್ತು. “ಬಜಾರದ ಜೋಳ ನಾವು ಮುಟ್ಟಂಗಿಲ್ರಿ. ಇದು ಕಮಲಾಪುರದಾಗ ನಮ್ಮ ಹೊಲದ್ದು. ನಮ್ಮ ಅತ್ತಿ ಬಂಡಿ ಹೇರಿ ಕಳಿಸ್ತಾರ.” ಸಾಹೇಬರು ಕೈ ತೊಳೆದುಕೊಂಡು, ಕನ್ನಡಕ ಒರೆಸಿಕೊಂಡು, ಬಹಳ ನಯವಾಗಿ ನನ್ನನ್ನು ಕೇಳಿದರು: ಜೋಳವನ್ನು ಕೊಳ್ಳದವನಿಗೆ ಜೋಳ ತುಟ್ಟಿಯಾದರೆ ಆಗುವ ತೊಂದರೆ ಏನು? ನಾನು ಎಲ್ಲಾ ತಮ್ಮ ದಯೆ ಎಂದೆ.

ಮರುದಿನ ಕಚೇರಿಯಲ್ಲಿ ನನ್ನನ್ನು ಯಾರೂ ಮಾತಾಡಿಸಲಿಲ್ಲ. ಹೋಳಿಗೆ ಕಳಿಸಿದ ಮನೆಯ ಯಜಮಾನರೇ ಎಲ್ಲರಿಗಿಂತ ಹೆಚ್ಚು ಮುಖ ತಿರುಗಿಸಿಕೊಂಡಿದ್ದರು. ನನ್ನ ಸ್ಥಿತಿ ನನಗೇ ಗೊತ್ತಿತ್ತು. ಮನೆಗೆ ಜೋಳ ಬರುತ್ತಿತ್ತು ನಿಜ. ಆದರೆ ಮಕ್ಕಳ ಅಂಗಿ, ಎಣ್ಣೆ, ಬಾಡಿಗೆ ಹೊಲದಲ್ಲಿ ಬೆಳೆಯುವುದಿಲ್ಲವಲ್ಲ. ಇದನ್ನು ಅಲ್ಲೇ, ಆಗಲೇ ಹೇಳಬಹುದಾಗಿತ್ತು. ಇಂಥ ಒಳ್ಳೆಯ ಮಾತುಗಳು ನನಗೆ ಯಾವಾಗಲೂ ಮಾರನೆಯ ದಿನ ಹೊಳೆಯುತ್ತವೆ. ಈ ಹೊತ್ತಿಗೆ ಸಾಹೇಬರಿಂದ ಅಪ್ಪಣೆ ಬಂತು. ಅವರು ಹಳ್ಳಿಗಳನ್ನು ನೋಡುವ ದೌರೆಯ ಮೇಲೆ ಕಮಲಾಪುರಕ್ಕೆ ಹೊರಟಿದ್ದಾರೆ, ಕಾಗದಪತ್ರಗಳ ದಫ್ತರು ಹೊತ್ತುಕೊಂಡು ಶಿವರಾಯಪ್ಪನೂ ಬರಬೇಕು, ಆ ಜೋಳ ಬೆಳೆದ ಮನೆಯನ್ನು ಅವರು ನೋಡಬೇಕಂತೆ. ಖಾದರ ಸಾಹೇಬರು ನನ್ನ ಮುಖ ನೋಡಿ, ಈ ಸಲವಾದರೂ ಬಾಯಿಬಿಡು ಮಗನೆ ಎಂದು ಕೈಮುಗಿದುಬಿಟ್ಟರು. ಅವರ ಮನೆಯಲ್ಲಿ ಉಣ್ಣುವ ಬಾಯಿ ಬಹಳ, ಅವರಿಗೆ ಯಾವ ಊರಿನಿಂದಲೂ ಬಂಡಿ ಬರುತ್ತಿರಲಿಲ್ಲ.

ಸಾಹೇಬರ ಟಾಂಗಾ ಮುಂದೆ, ದಫ್ತರಿನ ಗಂಟುಗಳೊಡನೆ ನನ್ನ ಬಂಡಿ ಹಿಂದೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದೆ. ಎತ್ತುಗಳಿಗೆ ಅದು ಪೂರ್ತಿ ಮನದಟ್ಟಾಗಿರಬೇಕು. ಕಮಲಾಪುರದ ನಮ್ಮ ಮನೆಯಲ್ಲಿ ಅಣ್ಣ, ವೈನಿ, ಅವರ ಮಕ್ಕಳು ಎಲ್ಲ ಇದ್ದರೂ ಕಾರಭಾರವೆಲ್ಲ ನಮ್ಮವ್ವನದು. ಪಡಸಾಲೆಯಲ್ಲಿ ಕೂತು ಬೀಜದ ಕಡಲೆ ಆರಿಸುತ್ತಿದ್ದವಳು ಸಾಹೇಬರನ್ನು ಕಂಡು ಸೆರಗು ಸರಿಮಾಡಿಕೊಂಡಳೇ ಹೊರತು ಮೊರ ಕೆಳಗಿಡಲಿಲ್ಲ. ಅಣ್ಣ ಕಂಬಳಿ ಹಾಸಿದ. ವೈನಿ ನಮ್ಮೂರಿನ ಕೆಂಪು ಬಾಳೆಹಣ್ಣು ತಂದಿಟ್ಟಳು. ಸಾಹೇಬರು ಉರ್ದೂವಿನಲ್ಲಿ, ನಿಮ್ಮ ಮಗನ ಮನೆಯಲ್ಲಿ ನಿಮ್ಮ ಜೋಳದ ರೊಟ್ಟಿ ಉಂಡೆ, ಬಹಳ ಸಂತೋಷವಾಯಿತು ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅವ್ವ ಕಡಲೆ ಆರಿಸುತ್ತಲೇ ಶುರು ಮಾಡಿದಳು.

“ಉಂಡ್ರಿ ಹೌದಿಲ್ಲೊ? ಛಲೋ ಆತು. ಸಾಹೇಬ್ರ, ಇಂವ ಸರ್ಕಾರದ ನೌಕರಿ ಮಾಡ್ತಾನಂತ ಊರೆಲ್ಲಾ ಹೇಳ್ತಾರ. ಖರೇ ನೋಡಿದ್ರ ಇವನ್ನ ಸಾಕಾಕತ್ತಾಕಿ ನಾನು. ಹೊಲ ನಂದು, ಜೋಳ ನಂದು, ಬಂಡಿ ನಂದು. ದುಡಿಯೂದು ಮಾತ್ರ ನಿಮಗ.”

ಅಮ್ಮ ಏನಂದರು ಎಂಬಂತೆ ಸಾಹೇಬರು ನನ್ನ ಕಡೆ ನೋಡಿದರು. ನಾನು, ಸರ್ಕಾರದ ನೆರಳಿನಲ್ಲಿ ತನ್ನ ಮಗ ಸುಖವಾಗಿದ್ದಾನೆಂದು ಅಮ್ಮ ಸಂತೋಷಪಡುತ್ತಿದ್ದಾಳೆ ಎಂದು ಉರ್ದೂವಿನಲ್ಲಿ ಹೇಳಿದೆ. ಆಗ ಸಾಹೇಬರು ಬಾಳೆಹಣ್ಣು ಸುಲಿಯುತ್ತ ನಮ್ಮದೇ ಕನ್ನಡದಲ್ಲಿ ಹೇಳಿದರು: “ಶಿವರಾಯಪ್ಪ, ನಾವು ಲಿಂಗಸೂಗೂರ ಕಡಿ ಭಾಳ ದಿನ ನೌಕರಿ ಮಾಡೀವಿ. ಅಮ್ಮಾ ಅಂದಿದ್ದು ಹಂಗ ಇಲ್ಲ. ನೀವು ಸ್ವಲ್ಪ ಸುಮ್ಮ ಕೂಡ್ರಿ.” ಅಂದರೆ ಆ ದಿನ ಶರಣಮ್ಮ ಅಂದದ್ದಷ್ಟೇ ಅಲ್ಲ, ಹಿತ್ತಲ ಬಾಗಿಲಲ್ಲಿ ಓಣಿಯ ಹೆಂಗಸರು ಪಿಸುಗುಟ್ಟಿದ್ದೆಲ್ಲ ಅವರಿಗೆ ತಿಳಿದಿತ್ತು. ನಾನು ಸುಮ್ಮನೆ ಕೂತೆ. ಅದು ನನಗೆ ಚೆನ್ನಾಗಿ ಬರುವ ಕೆಲಸ.

ಅವ್ವ ಈಗ ಮೊರ ಕೆಳಗಿಟ್ಟಳು. “ಕನ್ನಡಾ ಬರ್ತದಂದ್ರ ಕೇಳ್ರಿ ಹಂಗಾರ. ನಮ್ಮ ಎತ್ತ ಮಂದಿ ಒಂದಿನದ ಬ್ಯಾಸಾಯಕ್ಕ ಕೇಳಿ ಒಯ್ತಾರ. ಒಯ್ದವ್ರು ಹೊತ್ತು ಮುಣಗೂ ತನಕಾ ಹೊಡೀತಾರ, ಖರೆ, ಆದ್ರ ಅವತ್ತಿನ ಮೇವ ಅವ್ರೇ ಹಾಕ್ತಾರ. ಹೊಟ್ಟಿ ಹಸದ ಎತ್ತ ತಿರುಗಿ ನಮ್ಮ ಮನಿಗಿ ಹೊಡಕೊಂಡು ಬಂದ್ರ ಊರಾಗ ಅವ್ರ ಮಾರಿ ಯಾರೂ ನೋಡಂಗಿಲ್ಲ. ನಿಮ್ಮ ಸರ್ಕಾರ ನನ್ನ ಮಗನ್ನ ಒಯ್ದು ಎಷ್ಟ ವರ್ಷ ಆತು, ಮೇವ ಮಾತ್ರ ನಾ ಹಾಕಾಕತ್ತೀನಿ. ಇದು ಯಾ ಊರ ರೀತಿರಿ?”

ಸಾಹೇಬರು ಕಂದಾಯ ಇಲಾಖೆಯಲ್ಲಿ ಮುದುಕರಾದವರು. ಎತ್ತು ಒಯ್ದವರು ಮೇವು ಹಾಕುವ ರೀತಿ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕನ್ನಡಕ ತೆಗೆದು ಬಹಳ ಹೊತ್ತು ನಕ್ಕರು. ಎಲ್ಲರ ಮುಂದೆ ಎತ್ತಿನ ಸಾಲಿಗೆ ಸೇರಿದ್ದಕ್ಕೆ ನನಗೆ ನಾಚಿಕೆಯೂ ಆಯಿತು, ನನ್ನ ಪರವಾಗಿ ಹೀಗೆ ಎದೆಗೊಟ್ಟು ಮಾತಾಡುವವಳು ಒಬ್ಬಳಿದ್ದಾಳಲ್ಲ ಎಂದು ಹೆಮ್ಮೆಯೂ ಆಯಿತು. ನಕ್ಕು ಮುಗಿಸಿದ ಮೇಲೆ ಸಾಹೇಬರು ಒಂದು ಪ್ರಶ್ನೆ ಕೇಳಿದರು. ಸರ್ಕಾರ ಮೇವು ಹಾಕಲು ಒಪ್ಪಿದರೆ ನೀವು ಜೋಳ ಕಳಿಸುವುದನ್ನು ನಿಲ್ಲಿಸುತ್ತೀರಾ? ಅವ್ವ ತಡಮಾಡಲಿಲ್ಲ. “ಅವತ್ತಿಂದ ಒಂದು ಕಾಳ ಸೈತ ಕಳಿಸಂಗಿಲ್ಲ. ನಾಲಿಗಿ ಕೊಟ್ಟೀನಿ, ಹೋಗ್ರಿ.” ಆ ಸಂಭ್ರಮದಲ್ಲಿ ನಾನು ಈ ಕೊನೆಯ ಮಾತಿನ ಕಡೆ ಲಕ್ಷ್ಯ ಕೊಡಲಿಲ್ಲ.

ಭತ್ಯೆ ಮಂಜೂರಾಯಿತು. ಹುಕುಮಿನಲ್ಲಿ ಬಹಳ ಗಂಭೀರವಾದ ಉರ್ದೂವಿನಲ್ಲಿ, ಪರರ ಎತ್ತಿನಿಂದ ದುಡಿಸಿಕೊಳ್ಳುವವನು ಅದರ ಮೇವಿಗೆ ಬಾಧ್ಯಸ್ಥನೆಂಬ ಸ್ಥಳೀಯ ರೂಢಿಯನ್ನು ಗಮನಿಸಿ ಎಂದು ಬರೆದಿತ್ತು. ಕಚೇರಿಯಲ್ಲಿ ಪೇಢೆ ಹಂಚಿದರು. ಖಾದರ ಸಾಹೇಬರು ನನ್ನನ್ನು ತಬ್ಬಿಕೊಂಡು ಅತ್ತೇಬಿಟ್ಟರು. ವೆಂಕಟರಾಯರು ಹೊಸ ಧೋತರ ಉಟ್ಟು ಬಂದು, ಯಾರೂ ಬರದಿದ್ದರೂ ಎರಡು ಸಲ ಎದ್ದು ನಿಂತರು. ನಮ್ಮ ಶಿವರಾಯಪ್ಪ ಮಾತಿನಲ್ಲಿ ಗಟ್ಟಿಗ ಎಂದು ಎಲ್ಲರೂ ಹೊಗಳಿದರು. ನಾನು ತಡೆಯಲಿಲ್ಲ.

ಮುಂದಿನ ತಿಂಗಳು ಕಮಲಾಪುರದ ಬಂಡಿ ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಶರಣಮ್ಮ ಜೋಳದ ಖಾಲಿ ಗಡಿಗೆಯನ್ನು ತಂದು ನನ್ನ ಮುಂದಿಟ್ಟಳು. ನಾನು ಊರಿಗೆ ಹೋಗಿ ಅವ್ವನ ಮುಂದೆ ಕೂತೆ. ನನ್ನ ಆಯುಷ್ಯದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದೆ. ಜೋಳ ಬೇಕು ಎಂದೆ. ಅವ್ವ ಸಾಹೇಬರಿಗೆ ನಾಲಿಗೆ ಕೊಟ್ಟದ್ದನ್ನು ನೆನಪಿಸಿದಳು. ನಾನು ಮಗನಲ್ಲವೇ ಎಂದೆ. ಮಗನೆಂದೇ ಇಷ್ಟು ವರ್ಷ ಕಳಿಸಿದೆ, ಈಗ ಅದು ಸರ್ಕಾರದ ಕೆಲಸ ಎಂದಳು. ಕೊನೆಗೆ ನನ್ನ ಮುಖ ನೋಡಿ ಕರಗಿದಳು. “ಸುಮ್ಮ ಕೊಡಾಕ ಬರಂಗಿಲ್ಲಪಾ. ರೊಕ್ಕಾ ಕೊಟ್ಟು ಒಯ್ಯೂದಾದ್ರ ಒಯ್ಯಿ. ಬಜಾರದಾಗ ಏನ ಭಾವ ಅದನೋ ಅದ ಭಾವ.” ತುಟ್ಟಿ ಭತ್ಯೆ ಎಷ್ಟು ಬಂದಿತ್ತೋ ಅಷ್ಟನ್ನೂ ಅವಳ ಕೈಯಲ್ಲಿಟ್ಟೆ. ಅಣ್ಣ ಬಂಡಿಯ ಬಾಡಿಗೆ ಬೇರೆ ಕೇಳಿದ. ಹೊರಡುವಾಗ ಅವ್ವ ಒಂದು ಗೊನೆ ಕೆಂಪು ಬಾಳೆಹಣ್ಣನ್ನು ಚೀಲದ ಮೇಲಿಟ್ಟು, ಇದು ಮೊಮ್ಮಕ್ಕಳಿಗೆ, ಇದಕ್ಕೆ ರೊಕ್ಕ ಬೇಡ, ಬಾಳೆಹಣ್ಣಿನ ವಿಷಯವಾಗಿ ತಾನು ಸಾಹೇಬರಿಗೆ ಏನೂ ಮಾತು ಕೊಟ್ಟಿಲ್ಲ ಎಂದಳು.

ಯುದ್ಧ ಮುಗಿಯಿತೆಂದು ಸುದ್ದಿ ಬಂದರೂ ಧಾರಣೆ ಇಳಿಯಲಿಲ್ಲ. ಭತ್ಯೆಯನ್ನು ಇನ್ನಷ್ಟು ಏರಿಸಬೇಕೆಂದು ಕಚೇರಿಯಲ್ಲಿ ಮತ್ತೆ ಅರ್ಜಿಯ ಮಾತು ಎದ್ದಿತು. ಹೋದ ಸಲ ಗೆದ್ದು ಬಂದವನು ನಾನೇ ಆದ್ದರಿಂದ ನಾನೇ ಮುಂದಾಗಬೇಕೆಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು. ಬೇಡ ಎನ್ನಲು ನನಗೆ ಎಂದು ಬಂದಿತ್ತು? ದುಂಡನೆಯ ಅಕ್ಷರದಲ್ಲಿ ಅರ್ಜಿ ಬರೆದೆ, ಎಲ್ಲರಿಗಿಂತ ಮೊದಲು ಸಹಿ ಹಾಕಿದೆ. ಆ ಸಂಜೆ ಕಚೇರಿಯಿಂದ ನೆಟ್ಟಗೆ ಗುಡಿಗೆ ಹೋಗಿ ಕಾಯಿ ಒಡೆಸಿ, ಖಾದರ ಸಾಹೇಬರಿಗೂ ವೆಂಕಟರಾಯರಿಗೂ ಕೈತುಂಬ ಮಂಜೂರಾಗಲಿ ಎಂದು ಬೇಡಿಕೊಂಡೆ. ನನ್ನ ಹೆಸರೊಂದು ಮಾತ್ರ ಅದರಲ್ಲಿ ಬಿಟ್ಟುಹೋಗಲಿ ಎಂದು ಹರಕೆ ಹೊತ್ತೆ. ನನ್ನ ಪಗಾರ ಏರಿದ ಸುದ್ದಿ ಕಮಲಾಪುರ ಮುಟ್ಟಿದರೆ ಅವ್ವ ಜೋಳದ ಧಾರಣೆ ಏರಿಸುವವಳೇ.